ದಾವಣಗೆರೆ ಬಿಸಿಲಲ್ಲಿ ಒಂದು ಅನಿಮೋನ್

ನನ್ನ ಮೊದಲ ಅನಿಮೋನ್ ಸತ್ತಿದ್ದು ತಂದ ಹದಿನೇಳನೇ ದಿನ. ಅನಿಮೋನ್ ಅಂದರೆ ಹೂವಿನ ಹಾಗೆ ಎಳೆಗಳನ್ನು ಹರಡಿಕೊಂಡು ಕಲ್ಲಿಗೆ ಅಂಟಿ ಬದುಕುವ ಸಮುದ್ರದ ಜೀವಿ. ಬೆಳಗ್ಗೆ ಎದ್ದು ನೋಡಿದರೆ ವೇವ್‌ಮೇಕರ್ (ಟ್ಯಾಂಕಿನ ನೀರನ್ನು ಅಲೆಯಾಡಿಸುವ ಪಂಪ್) ಜಾಲರಿಗೆ ಸಿಕ್ಕಿಕೊಂಡು ಅರ್ಧ ಹರಿದಿತ್ತು. 200 ಲೀಟರ್ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿತ್ತು. ಎರಡು ಕ್ಲೌನ್‌ಫಿಶ್ (ಅನಿಮೋನ್ ಎಳೆಗಳ ನಡುವೆ ಮನೆ ಮಾಡುವ ಮೀನು) ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಬಕೆಟ್ಟಿನಲ್ಲಿ ಹೊಸ ಉಪ್ಪುನೀರು ಕಲಸಿ, ಗಾಳಿ ಪಂಪ್ ಹಾಕಿ, ಅವನ್ನು ಹೇಗೋ ಉಳಿಸಿಕೊಂಡೆ.

ವೇವ್‌ಮೇಕರ್ ಕೊಂದಿತು ಅಂತ ಮೊದಲು ಅಂದುಕೊಂಡೆ. ಆದರೆ ಅನಿಮೋನ್ ಅಲ್ಲಿಗೆ ಹೋಗಿದ್ದು ಯಾಕೆ? ಜಾಗ ಹಿಡಿಸಿದ ಅನಿಮೋನ್ ಕಲ್ಲಿನ ಸಂದಿಯಲ್ಲಿ ಪಾದ ಊರಿ ಕೂತುಬಿಡುತ್ತದೆ. ನೀರೋ ಬೆಳಕೋ ಸರಿ ಇಲ್ಲದಿದ್ದರೆ ಮಾತ್ರ ಅಲೆಯುತ್ತದೆ. ನನ್ನದು ಒಂದು ವಾರದಿಂದ ದಿನಕ್ಕೊಂದು ಕಡೆ ಇರುತ್ತಿತ್ತು. ಸುಮ್ನೆ ಓಡಾಡುತ್ತಿದೆ ಅಂತ ನೋಡಿ ಖುಷಿಪಟ್ಟಿದ್ದೆ.

ಉಪ್ಪಿನಂಶ ಅಳೆದಾಗ ಕಾರಣ ಸಿಕ್ಕಿತು. ತಂದ ದಿನ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 1.025 ಇತ್ತು, ಸಮುದ್ರದ ನೀರಿನ ಹಾಗೆ. ಅನಿಮೋನ್ ಸತ್ತ ದಿನ 1.031 ತೋರಿಸಿತು, ಅಂದರೆ ಉಪ್ಪು ಜಾಸ್ತಿಯಾಗಿತ್ತು. ಅದು ಏಪ್ರಿಲ್ ತಿಂಗಳು. ನಮ್ಮ ಊರಿನ ಬಿಸಿಲು ಗೊತ್ತಲ್ವಾ? ದಿನಕ್ಕೆ 3 ಲೀಟರ್ ನೀರು ಆರಿಹೋಗುತ್ತಿತ್ತು. ಕಡಿಮೆಯಾದಷ್ಟಕ್ಕೆ ನಾನು ಉಪ್ಪುನೀರನ್ನೇ ಕಲಸಿ ತುಂಬುತ್ತಿದ್ದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ತುಂಬಬೇಕಾದದ್ದು ಸಿಹಿ ಆರ್‌ಓ ನೀರು. ಇಷ್ಟು ಚಿಕ್ಕ ವಿಷಯಕ್ಕೆ ಒಂದು ಜೀವ ಹೋಯಿತು. ಇವತ್ತಿಗೂ ನೆನಪಾದರೆ ಸಂಕಟವಾಗುತ್ತದೆ.

ಹೊಸದನ್ನು ತರುವ ಮೊದಲು ಹತ್ತು ತಿಂಗಳು ಕಾದೆ. ಮೊದಲ ಸಲ ಟ್ಯಾಂಕ್ ಹಾಕಿ ಎರಡು ತಿಂಗಳೂ ಆಗಿರಲಿಲ್ಲ. ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯ, ನೈಟ್ರೈಟ್ ಸೊನ್ನೆಗೆ ಬಂದರೆ ಕ್ಲೌನ್‌ಫಿಶ್ ಬಿಡಬಹುದು. ಅನಿಮೋನ್‌ಗೆ ಅಷ್ಟು ಸಾಲದು. ಕಲ್ಲುಗಳ ಮೇಲೆ ಬ್ಯಾಕ್ಟೀರಿಯಾ, ಪಾಚಿ ಎಲ್ಲ ಹದಕ್ಕೆ ಬರಬೇಕು. ಆರು ತಿಂಗಳಿಗಿಂತ ಮುಂಚೆ ಯಾರೂ ಅನಿಮೋನ್ ತರಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಹವಳದ ಕಲ್ಲಿನ ಬದಲು ನಾನು ಬಳಸಿದ್ದು ಸೆರಾಮಿಕ್. ಸಮುದ್ರದಿಂದ ಹವಳ ಕಿತ್ತು ತರುವುದು ನಮ್ಮ ದೇಶದಲ್ಲಿ ಅಪರಾಧ.

ನೀರಿನ ವಿಷಯಕ್ಕೆ ಬಂದರೆ, ಬೋರ್ ನೀರಂತೂ ಬೇಡವೇ ಬೇಡ. ಕುಂದವಾಡ ಕೆರೆಯಿಂದ ಬರುವ ನಲ್ಲಿ ನೀರನ್ನೂ ಆರ್‌ಓಗೆ ಹಾಕಿಯೇ ಬಳಸುತ್ತೇನೆ. ಲೀಟರಿಗೆ ಸುಮಾರು 35 ಗ್ರಾಂ ಮರೈನ್ ಸಾಲ್ಟ್, ಅಂದರೆ ಸಮುದ್ರದಂಥ ನೀರು ಕಲಸುವ ಉಪ್ಪು. ಅಡುಗೆ ಉಪ್ಪು ಆಗುವುದಿಲ್ಲ.

ಇನ್ನು ಸೆಕೆ. ಬೇಸಿಗೆಯಲ್ಲಿ ಟ್ಯಾಂಕ್ 31 ಡಿಗ್ರಿ ಮುಟ್ಟುತ್ತಿತ್ತು. ಬೇಕಾಗಿದ್ದು 26ರ ಆಸುಪಾಸು. ನೀರು ತಣ್ಣಗಿಡುವ ಚಿಲ್ಲರ್ ಯಂತ್ರ ಕೊಳ್ಳಲು ದುಡ್ಡಿರಲಿಲ್ಲ. ಕಂಪ್ಯೂಟರ್‌ನ ಎರಡು ಸಣ್ಣ ಫ್ಯಾನ್ ತಂದು ನೀರಿನ ಮೇಲೆ ಗಾಳಿ ಬೀಸುವ ಹಾಗೆ ಕೂರಿಸಿದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುತ್ತದಲ್ಲ, ಅದೇ ಲೆಕ್ಕ. ನಮ್ಮ ಕಡೆ ಬೇಸಿಗೆ ಗಾಳಿ ಒಣಗಾಳಿ. ಹಾಗಾಗಿ ಮಂಗಳೂರಿಗಿಂತ ಇಲ್ಲಿ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ. 27ಕ್ಕೆ ಇಳಿಯಿತು. ಆದರೆ ನೀರು ಇನ್ನೂ ಜಾಸ್ತಿ ಆರುತ್ತದೆ, ದಿನಕ್ಕೆ 4 ಲೀಟರ್. ಅದಕ್ಕೇ ಗಾಜಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿದ್ದೇನೆ. ಬೆಳಗ್ಗೆ, ರಾತ್ರಿ ಗೆರೆ ಮುಟ್ಟುವಷ್ಟು ಆರ್‌ಓ ನೀರು. ಊರಿಗೆ ಹೋದರೆ ಆ ಕೆಲಸ ತಮ್ಮನದು. ಕರೆಂಟ್ ಹೋದರೆ ಅಂತ ವೇವ್‌ಮೇಕರನ್ನು ಯುಪಿಎಸ್‌ಗೆ ಕೊಟ್ಟಿದ್ದೇನೆ. ಜಾಲರಿಗೆ ಸ್ಪಾಂಜ್ ಸುತ್ತಿದ್ದೇನೆ.

ಎರಡನೇ ಅನಿಮೋನ್ ಬಬಲ್ ಟಿಪ್ ಅನ್ನುವ ಜಾತಿಯದು. ಬೆಂಗಳೂರಿನ ಗೆಳೆಯರೊಬ್ಬರ ಟ್ಯಾಂಕಿನಲ್ಲೇ ಒಂದು ಎರಡಾಗಿ ಸೀಳಿ ಹುಟ್ಟಿದ್ದು. ಸಮುದ್ರದಿಂದ ಹಿಡಿದು ತಂದದ್ದಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ. ಥರ್ಮಾಕೋಲ್ ಡಬ್ಬಿಯಲ್ಲಿ ಇಟ್ಟು, ರೈಲಿನಲ್ಲಿ ಮಡಿಲ ಮೇಲೇ ಇಟ್ಟುಕೊಂಡು ತಂದೆ. ಎರಡು ಗಂಟೆ ಹನಿ ಹನಿಯಾಗಿ ನಮ್ಮ ನೀರು ಬಿಟ್ಟು ಒಗ್ಗಿಸಿದೆ. ಸಂಜೆಯೊಳಗೆ ಕಲ್ಲಿನ ಸಂದಿಗೆ ಪಾದ ಇಳಿಸಿತು. ಆಮೇಲೆ ಅಲ್ಲಿಂದ ಕದಲಲಿಲ್ಲ.

ಮೀನುಗಳು ಮಾತ್ರ ಅದರ ಕಡೆ ತಿರುಗಿಯೂ ನೋಡಲಿಲ್ಲ. ನನ್ನವು ಒಸೆಲ್ಲಾರಿಸ್ ಜಾತಿಯ ಕ್ಲೌನ್‌ಫಿಶ್. ಸಮುದ್ರದಲ್ಲಿ ಅವು ಬಬಲ್ ಟಿಪ್ ಜೊತೆ ಇರುವುದಿಲ್ಲ, ಬೇರೆ ಜಾತಿಯ ಅನಿಮೋನ್ ಅವಕ್ಕೆ ಮನೆ. ಅದಕ್ಕೆ ಒತ್ತಾಯ ಮಾಡದೆ ಬಿಟ್ಟೆ. 23ನೇ ದಿನ ದೊಡ್ಡ ಮೀನು, ಅಂದರೆ ಹೆಣ್ಣು, ಬಾಲದ ತುದಿಯನ್ನು ಒಂದು ಎಳೆಗೆ ತಾಗಿಸಿ ಹಿಂದೆ ಸರಿಯಿತು. ಮತ್ತೆ ತಾಗಿಸಿತು. ಆಮೇಲೆ ಹೊಟ್ಟೆ. ಅರ್ಧ ಗಂಟೆಯಲ್ಲಿ ಪೂರ್ತಿ ಒಳಗೆ ಹೊರಳಾಡುತ್ತಿತ್ತು. ಅಮ್ಮನನ್ನು ಕೂಗಿ ಕರೆದೆ. ಒಲೆ ಆರಿಸಿ ಬಂದವರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಗಂಡು ಮೀನು ಮಾರನೇ ದಿನ ಹಿಂಬಾಲಿಸಿತು.

ಅನಿಮೋನ್‌ಗೆ ಮುಖ್ಯ ಊಟ ಬೆಳಕು. ಅದರ ಮೈಯೊಳಗಿನ ಪಾಚಿ ಬೆಳಕಿನಿಂದ ಊಟ ತಯಾರಿಸಿ ಕೊಡುತ್ತದೆ. ಆ ಪಾಚಿ ಹೋದರೆ ಅನಿಮೋನ್ ಬಿಳಿಚಿಕೊಳ್ಳುತ್ತದೆ. ಅಂಗಡಿಯಲ್ಲಿ ಅಚ್ಚ ಬಿಳಿ ಬಣ್ಣದ್ದು ಚೆಂದ ಕಂಡರೂ ತರಬೇಡಿ, ಅದು ಸೊರಗಿದ ಜೀವ. ಬಾಯಿ ಜೋತುಬಿದ್ದದ್ದೂ ಬೇಡ. ವಾರಕ್ಕೊಮ್ಮೆ ಕಡಲೆಕಾಳಿನಷ್ಟು ಸೀಗಡಿ ಚೂರು ಕೊಡುತ್ತೇನೆ. ನಮ್ಮದು ಮಾಂಸ ತಿನ್ನದ ಮನೆ. ಫ್ರಿಜ್‌ನಲ್ಲಿ ಸೀಗಡಿ ಡಬ್ಬಿ ಇಡಲು ಹಿಂಜರಿಯುತ್ತಿದ್ದಾಗ ಅಮ್ಮನೇ, "ಅದ್ರ ಊಟ ಅದಕ್ಕೆ, ಇಡಪ್ಪಾ" ಎಂದರು.

ಹೋದ ತಿಂಗಳು ಅನಿಮೋನ್ ತಾನಾಗಿ ಎರಡಾಯಿತು. ಒಂದನ್ನು ಚಿತ್ರದುರ್ಗದ ಗೆಳೆಯನಿಗೆ ಕೊಡುವ ಮಾತಾಗಿದೆ. ಅವನ ಟ್ಯಾಂಕಿಗೆ ಈಗ ನಾಲ್ಕು ತಿಂಗಳು. ಇನ್ನೂ ಮೂರು ತಿಂಗಳು ಕಾಯಲು ಹೇಳಿದ್ದೇನೆ.