ಕ್ಯೂರ್ ಆಗದ ಜೆಲ್ ಪಾಲಿಶ್: ಯಾವ ಬೆರಳು, ಯಾವ ಬಣ್ಣ?

ಜೆಲ್ ಪಾಲಿಶ್ ಎಂದರೆ ಲ್ಯಾಂಪಿನ ಬೆಳಕಿಗೆ ಗಟ್ಟಿಯಾಗುವ ಉಗುರು ಬಣ್ಣ, ಹಾಗೆ ಗಟ್ಟಿಯಾಗುವುದೇ ‘ಕ್ಯೂರ್’. ಲ್ಯಾಂಪಿನಿಂದ ಕೈ ಹೊರತೆಗೆದ ಮೇಲೂ ಉಗುರು ಅಂಟಂಟಾಗಿದ್ದರೆ, ಹೊಸದಾಗಿ ಕೆಲಸ ಕಲಿಯುವ ಹುಡುಗಿಯರು ಗಾಬರಿಯಾಗಿ ಕೈಯನ್ನು ಮತ್ತೆ ಒಳಗೆ ಇಡಿಸುತ್ತಾರೆ. ಕೊನೆಗೆ ಹಚ್ಚುವ ಹೊಳಪಿನ ಪದರ, ಅಂದರೆ ಟಾಪ್ ಕೋಟ್, ಒರೆಸುವ ಬಗೆಯದಾದರೆ ಅದರಿಂದ ಏನೂ ಪ್ರಯೋಜನವಿಲ್ಲ. ಗಾಳಿಯ ಆಮ್ಲಜನಕ ಜೆಲ್‌ನ ತೀರಾ ಮೇಲಿನ ಪದರವನ್ನು ಗಟ್ಟಿಯಾಗಲು ಬಿಡುವುದಿಲ್ಲ, ಹಾಗಾಗಿ ಆ ಅಂಟು ಇರಬೇಕಾದದ್ದೇ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ, ನೂಲು ಬಿಡದ ಪ್ಯಾಡಿನಿಂದ ಒರೆಸಿದರೆ ಕೆಳಗಿನ ಹೊಳಪು ಕಾಣುತ್ತದೆ. ಉಗುರು ಬಿಸಿ ಇರುವಾಗಲೇ ಒರೆಸಿದರೆ, ಒಂದೇ ಪ್ಯಾಡಿನಿಂದ ಹತ್ತೂ ಬೆರಳು ಉಜ್ಜಿದರೆ, ಅಥವಾ ಅವಸರದಲ್ಲಿ ಅಸಿಟೋನ್ ಬಾಟಲಿಗೆ ಕೈ ಹಾಕಿದರೆ ಹೊಳಪು ಮಂಕಾಗುತ್ತದೆ. ಆಗ ಲ್ಯಾಂಪನ್ನು ಬೈಯುವುದು ನ್ಯಾಯವಲ್ಲ. ‘ನೋ ವೈಪ್’ (ಒರೆಸಬೇಕಿಲ್ಲ) ಎಂದು ಬರೆದ ಟಾಪ್ ಕೋಟ್ ಅಂಟಿದರೆ ಮಾತ್ರ ನಾನು ಕನ್ನಡಕ ಹಾಕಿಕೊಂಡು ಕೂರುತ್ತೇನೆ.

ಕೂತ ಮೇಲೆ ಮೊದಲು ನೋಡುವುದು ತೊಂದರೆ ಎಲ್ಲೆಲ್ಲಿ ಇದೆ ಎಂಬುದನ್ನು. “ಅಕ್ಕಾ, ಹೆಬ್ಬೆರಳೇ ಎರಡು ದಿನಕ್ಕೆ ಸುಲಿಯುತ್ತದೆ, ಉಳಿದದ್ದೆಲ್ಲ ಚೆನ್ನಾಗಿದೆ” ಎಂದು ಯಾರಾದರೂ ಹೇಳಿದರೆ ಅರ್ಧ ಕೆಲಸ ಮುಗಿಯಿತು. ಅಂಗೈ ಕೆಳಗೆ ಮಾಡಿ ಕೈ ಇಟ್ಟಾಗ ಹೆಬ್ಬೆರಳ ಉಗುರು ಪಕ್ಕಕ್ಕೆ ತಿರುಗಿರುತ್ತದೆ, ಬೆಳಕು ಅದರ ಮೇಲೆ ಓರೆಯಾಗಿ ಬೀಳುತ್ತದೆ. ಆದ್ದರಿಂದ ನಮ್ಮ ಪಾರ್ಲರಿನಲ್ಲಿ ನಾಲ್ಕು ಬೆರಳು ಒಮ್ಮೆ, ಎರಡೂ ಹೆಬ್ಬೆರಳು ಜೊತೆಯಾಗಿ ಇನ್ನೊಮ್ಮೆ. ಸಮಯ ಹೆಚ್ಚು ಹಿಡಿಯುತ್ತದೆ ಎಂದು ಗೊಣಗುವವರು ಗೊಣಗಲಿ.

ಹತ್ತೂ ಬೆರಳಲ್ಲಿ ಒಂದೇ ಬಣ್ಣ ಕೈಕೊಟ್ಟಿದ್ದರೆ ಅನುಮಾನ ಪದರದ ಮೇಲೆ. ಮದುವೆ ಕಾಲದಲ್ಲಿ ಎಲ್ಲರಿಗೂ ಗಾಢ ಮರೂನ್ ಬೇಕು, ಅದೂ ಒಂದೇ ಕೋಟಿನಲ್ಲಿ ತುಂಬಿ ಕಾಣಬೇಕು. ಕಪ್ಪು, ಗಾಢ ಕೆಂಪು, ಅಚ್ಚ ಬಿಳಿ ಬಣ್ಣಗಳಲ್ಲಿ ವರ್ಣದ್ರವ್ಯವೇ ಬೆಳಕನ್ನು ತಡೆದುಬಿಡುತ್ತದೆ. ದಪ್ಪ ಹಚ್ಚಿದರೆ ಮೇಲ್ಭಾಗ ಬೇಗ ಗಟ್ಟಿಯಾಗಿ ಕುಗ್ಗುತ್ತದೆ, ತಳ ಹಸಿಯಾಗಿಯೇ ಉಳಿಯುತ್ತದೆ, ಕಾಯಿಸಿದ ಹಾಲಿನ ಕೆನೆಯಂತೆ ಮೇಲೆ ಸುಕ್ಕು ಕಟ್ಟುತ್ತದೆ. ಮರದ ಕಡ್ಡಿಯಿಂದ ಅಂಚನ್ನು ಕೆದಕಿದರೆ ಸಿಪ್ಪೆ ಏಳುತ್ತದೆ, ಅಡಿಯಲ್ಲಿ ಬಣ್ಣ ಲೇಹ್ಯದಂತಿರುತ್ತದೆ. ದಪ್ಪ ಪದರ ಗಟ್ಟಿಯಾಗುವಾಗ ಬಿಸಿಯೂ ಹೆಚ್ಚು. ಚುರುಕ್ ಎಂದ ಕೂಡಲೇ ಗಿರಾಕಿ ಕೈ ಎಳೆದುಕೊಳ್ಳುತ್ತಾರೆ, ಲ್ಯಾಂಪ್ ಆರಿಹೋಗುತ್ತದೆ, ಮುಗಿಯಿತೆಂದು ನಾವು ಮುಂದಿನ ಕೋಟಿಗೆ ಹೋಗುತ್ತೇವೆ. ತೆಳುವಾಗಿ ಮೂರು ಸಲ ಹಚ್ಚಿ, ಪ್ರತಿ ಸಲವೂ ಪೂರ್ತಿ ಸಮಯ ಕೊಡುವುದಷ್ಟೇ ದಾರಿ. ಬಾಟಲಿಯ ತಳದಲ್ಲಿ ಬಣ್ಣ ಗಟ್ಟಿಯಾಗಿ ಕೂತಿದ್ದರೂ ಇದೇ ಪಾಡು. ಅದನ್ನು ಕುಲುಕಿದರೆ ಗುಳ್ಳೆ ಏಳುತ್ತದೆ, ಅಂಗೈಗಳ ನಡುವೆ ಉರುಳಿಸಬೇಕು.

ಯಾವ ಬಣ್ಣ ಹಚ್ಚಿದರೂ ಕೆಡುತ್ತಿದ್ದರೆ ಆಗ ಲ್ಯಾಂಪ್. ಡಬ್ಬದ ಮೇಲಿನ 48 ವ್ಯಾಟ್, 120 ವ್ಯಾಟ್ ಎಂಬ ಅಂಕಿಗಳಿಗೆ ನಾನು ಮರುಳಾಗುವುದಿಲ್ಲ. ಜೆಲ್‌ನಲ್ಲಿ ಬೆಳಕು ಹೀರಿ ಗಟ್ಟಿಯಾಗುವ ಕ್ರಿಯೆಯನ್ನು ಶುರು ಮಾಡುವ ರಾಸಾಯನಿಕಕ್ಕೆ, ಅಂದರೆ ಫೋಟೊಇನಿಷಿಯೇಟರ್‌ಗೆ, ತಕ್ಕ ತರಂಗಾಂತರದ ಬೆಳಕು ಸಾಕಷ್ಟು ಸಿಗುತ್ತಿದೆಯೇ ಎನ್ನುವುದು ಮುಖ್ಯ. ಹಳೆಯ ಟ್ಯೂಬ್ ಲ್ಯಾಂಪ್‌ಗಳು 365 ನ್ಯಾನೊಮೀಟರ್ ಆಸುಪಾಸಿನ ಬೆಳಕು ಕೊಡುತ್ತವೆ, ಎಲ್‌ಇಡಿಗಳದ್ದು ಹೆಚ್ಚಾಗಿ 395ರಿಂದ 405. ಒಂದು ಕಂಪನಿಯ ಜೆಲ್‌ಗೆ ಇನ್ನೊಂದು ಕಂಪನಿಯ ಲ್ಯಾಂಪ್ ಹೊಂದದೇ ಇರಬಹುದು. ಟ್ಯೂಬ್ ಉರಿಯುತ್ತಲೇ ಇದ್ದರೂ ಅದರ ಕಸುವು ಕ್ರಮೇಣ ಇಳಿಯುತ್ತದೆ, ಅದು ಕಣ್ಣಿಗೆ ತಿಳಿಯುವುದಿಲ್ಲ. ಎಲ್‌ಇಡಿ ಲ್ಯಾಂಪ್ ಆದರೆ ಒಳಗೊಂದು ಬಿಳಿ ಕಾಗದ ಹಾಸಿ ಲ್ಯಾಂಪ್ ಆನ್ ಮಾಡುತ್ತೇನೆ. ಕಾಗದ ನೀಲಿಯಾಗಿ ಹೊಳೆಯುತ್ತದೆ. ಎಲ್ಲಿ ಮಂಕಾಗಿದೆಯೋ ಅಲ್ಲಿ ಬಲ್ಬು ಸತ್ತಿರುತ್ತದೆ, ಇಲ್ಲವೇ ಅದರ ಮೇಲೆ ಯಾರದೋ ಉಗುರಿನ ಜೆಲ್ ತಾಗಿ ಗಟ್ಟಿಯಾಗಿರುತ್ತದೆ. ಬೇರೆ ಲ್ಯಾಂಪಿನ ಅಡಾಪ್ಟರ್ ಸಿಕ್ಕಿಸಿದ್ದಾರೆಯೇ, ‘ಲೋ ಹೀಟ್’ ಗುಂಡಿ ಯಾರಾದರೂ ಒತ್ತಿದ್ದಾರೆಯೇ ಎಂದೂ ನೋಡುತ್ತೇನೆ.

ಇಷ್ಟೆಲ್ಲ ಪತ್ತೇದಾರಿಕೆ ತಪ್ಪಿಸಲು ಒಂದು ಪರೀಕ್ಷೆ ಇದೆ. ಹೊಸ ಬಾಟಲಿ ಬಂದಾಗ ಪಾರದರ್ಶಕ ಪ್ಲಾಸ್ಟಿಕ್ ಟಿಪ್ (ಕೃತಕ ಉಗುರು) ಮೇಲೆ ಎಂದಿನಂತೆ ಹಚ್ಚಿ ಕ್ಯೂರ್ ಮಾಡುತ್ತೇನೆ. ಆಮೇಲೆ ಟಿಪ್ ಬಗ್ಗಿಸಿ ಆ ಪದರವನ್ನು ಬಿಡಿಸಿ, ಅದರ ತಳವನ್ನು ಬಿಳಿ ಪ್ಯಾಡಿಗೆ ಉಜ್ಜುತ್ತೇನೆ. ಬಣ್ಣ ಪ್ಯಾಡಿಗೆ ಹತ್ತಿದರೆ ಆ ದಪ್ಪ, ಆ ಸಮಯ ಆ ಜೆಲ್‌ಗೆ ಸಾಲದು. ಹಿಂದೆ ತರಿಸಿದ್ದ ಬಣ್ಣವೇ ಆದರೂ ಈಗ ಇದನ್ನು ಬಿಡುವುದಿಲ್ಲ. ಟಿಪಿಒ ಎಂಬ ಫೋಟೊಇನಿಷಿಯೇಟರನ್ನು ಯುರೋಪ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಹಾಗಾಗಿ ಹಳೆಯ ಹೆಸರಿನ ಬಾಟಲಿಯೊಳಗೆ ಹೊಸ ಮಿಶ್ರಣ ಇರಬಹುದು.

ಮದುಮಗಳಿಗೆ ಇನ್ನೊಂದು ಪೇಚು ಅರಿಶಿನ ಶಾಸ್ತ್ರ. ತಿಳಿ ಗುಲಾಬಿ ಜೆಲ್ ಮೇಲೆ ಅರಿಶಿನ ಕೂತರೆ ಉಗುರು ಹಳದಿ, ಟಾಪ್ ಕೋಟ್ ಅರೆಬರೆ ಕ್ಯೂರ್ ಆಗಿದ್ದರಂತೂ ಇನ್ನೂ ಆಳಕ್ಕೆ ಇಳಿಯುತ್ತದೆ. ಶಾಸ್ತ್ರ ಮುಗಿಸಿಕೊಂಡೇ ಬನ್ನಿ ಎಂದು ಹೇಳುತ್ತೇನೆ. ಕಲೆ ಆಗಿಯೇ ಹೋಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗೆ ಕೈ ಒಡ್ಡಿದರೆ ತಿಳಿಯಾಗುತ್ತದೆ, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ.

ಹಸಿ ಜೆಲ್ ಮೇಲೆ ಇನ್ನೊಂದು ಕೋಟ್ ಬಳಿದು ಮುಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜೆಲ್‌ನಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕ ಗಟ್ಟಿಯಾಗದೆ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಬರಬಹುದು. ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹಲ್ಲಿಗೆ ಫಿಲ್ಲಿಂಗ್ ಹಾಕಿಸುವಾಗಲೂ ಅದು ಕಾಡಬಹುದು, ಅಲ್ಲಿಯೂ ಇದೇ ಕುಲದ ರಾಸಾಯನಿಕಗಳಿವೆ. ಬೆರಳ ತುದಿ ಕೆಂಪಾಗಿ ತುರಿಸುತ್ತಿದ್ದರೆ ಜೆಲ್ ನಿಲ್ಲಿಸಿ ಚರ್ಮವೈದ್ಯರ ಬಳಿಗೆ ಕಳುಹಿಸುತ್ತೇನೆ. ಉಳಿದವರಿಗೆ ನೈಟ್ರೈಲ್ ಕೈಗವಸು ಹಾಕಿಕೊಂಡು, ಹಸಿ ಇರುವುದನ್ನು ಆಲ್ಕೋಹಾಲಿನಲ್ಲಿ ಒರೆಸಿ, ಗಟ್ಟಿಯಾದದ್ದನ್ನು ಅಸಿಟೋನ್ ಹತ್ತಿಯಿಂದ ಸುತ್ತಿ ತೆಗೆದು, ಬೇಸ್ ಕೋಟ್‌ನಿಂದ ಮತ್ತೆ ಶುರು ಮಾಡುತ್ತೇನೆ. ನಮ್ಮಲ್ಲೇ ಹಚ್ಚಿದ್ದಾದರೆ ಇದಕ್ಕೆ ಹಣವಿಲ್ಲ. ಮನೆಯಲ್ಲಿ ಪುಟ್ಟ ಯುಎಸ್‌ಬಿ ಲ್ಯಾಂಪಿನಲ್ಲಿ ತಾವೇ ಮಾಡಿಕೊಂಡು ಬಂದವರಿಗೆ ಇದೆ.