ಕಲ್ಲಾದ ಕಿವಿಯ ಅಳತೆ: ದಾವಣಗೆರೆಯಲ್ಲಿ ಕೂತು ಮಾಡಿದ್ದು

ಆಸ್ಪತ್ರೆಯ ಸಿಟಿ ಸ್ಕ್ಯಾನ್, ಹಲ್ಲಿನ ಡಾಕ್ಟರ್ ಅಚ್ಚು ತೆಗೆಯುವ ಸಿಲಿಕೋನ್, ಒಂದು ಲ್ಯಾಪ್‌ಟಾಪ್. ಇಷ್ಟಿದ್ದರೆ ಆದಿಮಾನವರ ಕಿವಿ ಅಳೆಯಬಹುದು ಅಂದಾಗ ನಮ್ಮ ಇಎನ್‌ಟಿ ಗೆಳೆಯರು ಒಬ್ಬರೂ ನಂಬಲಿಲ್ಲ. "ಬದುಕಿರೋರ ಆಡಿಯೊಗ್ರಾಮೇ (ಎಷ್ಟು ಕೇಳಿಸುತ್ತೆ ಅನ್ನೋ ಪರೀಕ್ಷೆ) ಎಷ್ಟೋ ಸಲ ಸರಿ ಬರಲ್ಲ, ಲಕ್ಷಗಟ್ಟಲೆ ವರ್ಷದ ಹಿಂದೆ ಸತ್ತವರದ್ದು ಮಾಡ್ತೀರಾ ಸಾರ್?" ಅಂತ ಕೇಳಿದರು. ಮೂರ್ನಾಲ್ಕು ವರ್ಷ ಹಿಡಿಯಿತು. ಈಗ ಅಳತೆ ಬರುತ್ತಿದೆ.

ಇದು ನಾನು ಕಂಡುಹಿಡಿದದ್ದಲ್ಲ. ಸ್ಪೇನಿನ ಅಟಪುಯೆರ್ಕಾದಲ್ಲಿ ಸುಮಾರು 4.3 ಲಕ್ಷ ವರ್ಷ ಹಳೆಯ ತಲೆಬುರುಡೆಗಳು ಸಿಕ್ಕಿವೆ. ಅವುಗಳ ಹೊರಗಿವಿ, ನಡುಗಿವಿಯ ಅಳತೆ ತೆಗೆದು, ಕಿವಿಯ ಅಳತೆಯಿಂದ ಕೇಳುವ ಶಕ್ತಿಯನ್ನು ಲೆಕ್ಕ ಹಾಕುವ ರೋಸೋವ್ಸ್ಕಿ ಮಾದರಿಗೆ ಹಾಕಿ, 2ರಿಂದ 4 ಕಿಲೋಹರ್ಟ್ಸ್ ಮಧ್ಯೆ ಇವರಿಗೆ ನಮ್ಮ ಹಾಗೇ ಚೆನ್ನಾಗಿ ಕೇಳಿಸುತ್ತಿತ್ತು ಅಂತ ಸಂಶೋಧಕರು 2004ರಲ್ಲೇ ತೋರಿಸಿದರು. ಚಿಂಪಾಂಜಿಗೆ ಅಲ್ಲೇ ಕಡಿಮೆ. ಆ ಮಾದರಿ ಕೇಳುವುದೆಲ್ಲ ಕಿವಿ ಕಾಲುವೆಯ ಉದ್ದ ಅಗಲ, ಕಿವಿ ತಮಟೆಯ ವಿಸ್ತೀರ್ಣ, ಮಾಸ್ಟಾಯ್ಡ್ (ಕಿವಿಯ ಹಿಂದಿನ ಮೂಳೆ) ಒಳಗಿನ ಗಾಳಿಯ ಜಾಗ, ಸ್ಟೇಪಿಸ್ ಅನ್ನುವ ನಡುಗಿವಿಯ ಪುಟ್ಟ ಮೂಳೆಯ ಪಾದದ ಅಳತೆ. ನಾವು ಕಿವಿ ಡಾಕ್ಟರುಗಳು ದಿನಾ ಡ್ರಿಲ್ ಹಿಡಿದು ಓಡಾಡುವ ಜಾಗಗಳೇ ಅಲ್ವಾ?

ಮೊದಲು ಅಡ್ಡ ಬಂದಿದ್ದು ದುಡ್ಡು. ತುಂಬಾ ಸೂಕ್ಷ್ಮವಾಗಿ ತೋರಿಸುವ ಮೈಕ್ರೊ ಸಿಟಿ ಸ್ಕ್ಯಾನ್‌ಗೆ ಬೆಂಗಳೂರಿನಲ್ಲಿ ಒಂದು ಮೂಳೆಗೆ ಹತ್ತು ಹದಿನೈದು ಸಾವಿರ ಅಂದರು. ಹತ್ತಾರು ಮೂಳೆಗೆ ಅಷ್ಟು ಸುರಿಯುವ ಶಕ್ತಿ ನನಗಿಲ್ಲ. ಆಸ್ಪತ್ರೆಯ ಸಿಟಿಯಲ್ಲಿ 0.6 ಮಿಲಿಮೀಟರ್ ಸ್ಲೈಸ್. ಕಾಲುವೆ, ಮಾಸ್ಟಾಯ್ಡ್ ಚೆನ್ನಾಗಿ ಬರುತ್ತೆ, ಸ್ಟೇಪಿಸ್ ಸುಮ್ನೆ ಮಸುಕು. ಹಾಗಾಗಿ ಕೆಲಸವನ್ನೇ ಎರಡು ಮಾಡಿಕೊಂಡೆ. ದೊಡ್ಡ ಜಾಗಗಳಿಗೆ ಸಿಟಿ. ಸ್ಟೇಪಿಸ್ ಕೂರುವ ಓವಲ್ ಕಿಂಡಿಗೆ ಸಿಲಿಕೋನ್ ಅಚ್ಚು, ಅದನ್ನು ಆಪರೇಷನ್ ಥಿಯೇಟರಿನ ಮೈಕ್ರೊಸ್ಕೋಪ್ ಕೆಳಗಿಟ್ಟು ಅಳತೆ.

ಸಿಲಿಕೋನ್ ತುಂಬಾ ಕಾಡಿತು. ಕಾಲುವೆಯ ಅಚ್ಚು ಸಲೀಸಾಗಿ ಬರುತ್ತೆ, ನಡುಗಿವಿಯದ್ದು ಆ ಕಿರಿದಾದ ಬಾಯಿಯಲ್ಲೇ ಹರಿದುಹೋಗುತ್ತೆ. ಗಟ್ಟಿ ಪುಟ್ಟಿ ಒಳಗೆ ಇಳಿಯಲಿಲ್ಲ, ತೆಳ್ಳಗಿನದ್ದು ಮಾಸ್ಟಾಯ್ಡ್ ಸೆಲ್‌ಗಳಿಗೆಲ್ಲ ನುಗ್ಗಿ ಅಲ್ಲೇ ಸಿಕ್ಕಿಕೊಂಡಿತು. ಡಬ್ಬಿಗೆ ಎರಡು ಮೂರು ಸಾವಿರ, ಅಂಥ ಎಷ್ಟು ಡಬ್ಬಿ ಹೋದವೋ. ಕೊನೆಗೆ ಕೂತದ್ದು ಒಳಗೆ ಮೊದಲೇ ಸವರುವ ಒಂದು ವಸ್ತುವಿನಿಂದ. ಅದೇನು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅಚ್ಚು ಕೈಗೆ ಬಂದಮೇಲೆ ಸಿಟಿಯ ಅಳತೆ ಸರಿಯಾ ಅಂತ ಪರೀಕ್ಷೆ ಮಾಡಬಹುದಾಯಿತು. ಚಿತ್ರದಲ್ಲಿ ಮೂಳೆ ಎಲ್ಲಿ ಮುಗಿಯುತ್ತೆ ಅಂತ ಬೂದು ಬಣ್ಣ ನೋಡಿ ಕಣ್ಣಂದಾಜಿನಲ್ಲಿ ಗೆರೆ ಇಟ್ಟರೆ ಕಾಲುವೆ ಶೇ 10-15 ಹೆಚ್ಚುಕಡಿಮೆ ಬರುತ್ತಿತ್ತು. ಸ್ಪೂರ್ ಮತ್ತು ಜೊತೆಯವರು 1993ರಲ್ಲಿ ಹೇಳಿದ ಹಾಗೆ ಗಾಳಿ ಮತ್ತು ಮೂಳೆಯ ನಡುಮಧ್ಯದ ಬೆಲೆಯನ್ನು ಆಯಾ ಜಾಗದಲ್ಲೇ ಲೆಕ್ಕ ಹಾಕಿ ಗೆರೆ ಎಳೆದೆ. ವ್ಯತ್ಯಾಸ ಶೇ 4-5ಕ್ಕೆ ಇಳಿಯಿತು. ನಂಬದವರ ಮುಂದೆ ಅಚ್ಚು, ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟೆ. ಅವರು ಮಾತಾಡಲಿಲ್ಲ.

ತಮಟೆ ಪಳೆಯುಳಿಕೆಯಲ್ಲಿ ಉಳಿಯೋದಿಲ್ಲ. ಉಳಿಯೋದು ಅದು ಕೂರುವ ಸಣ್ಣ ತೋಡು, ಸಲ್ಕಸ್. ಸುತ್ತ ಹದಿನೈದು ಇಪ್ಪತ್ತು ಚುಕ್ಕೆ ಇಡುತ್ತೇನೆ, ಅವುಗಳ ಮೇಲೆ ಒಂದು ತಳ ಕೂರಿಸುತ್ತೇನೆ. ಮೇಲ್ಭಾಗದಲ್ಲಿ, ರಿವಿನಸ್ ಕಚ್ಚು ಇರುವಲ್ಲಿ, ತೋಡೇ ಇಲ್ಲ. ಅಲ್ಲಿ ಕಣ್ಣುಮುಚ್ಚಿ ನೇರ ಗೆರೆ ಎಳೆದರೆ ವಿಸ್ತೀರ್ಣ ಕಡಿಮೆ ಬರುತ್ತೆ, ಎಲ್ಲ ಲೆಕ್ಕವೂ ಹಾಳು. ಇದನ್ನು ಮಾಡುವವರು ಅಲ್ಲಿ ಜಾಸ್ತಿ ಹೊತ್ತು ಕೂರಿ.

ನಿಜವಾದ ಪಳೆಯುಳಿಕೆಗೆ ಬಂದಾಗ ಆಟವೇ ಬೇರೆ. ದಕ್ಷಿಣ ಆಫ್ರಿಕಾದ ಕ್ರೊಮ್‌ಡ್ರಾಯ್ ಪಳೆಯುಳಿಕೆಗಳ ಮೈಕ್ರೊ ಸಿಟಿ ಚಿತ್ರಗಳನ್ನು ಸಂಶೋಧಕರಿಗೆ ತೆರೆದಿಟ್ಟಿದ್ದಾರೆ, ಅದಕ್ಕೆ ಕಾಸು ಬೇಕಿಲ್ಲ. ಆದರೆ ಅಲ್ಲಿನ ಗುಹೆಗಳ ಮೂಳೆಗಳಲ್ಲಿ ಸುಣ್ಣ ಕಟ್ಟಿ ಕಲ್ಲಾದ ಮಣ್ಣು ಸೇರಿಕೊಂಡಿರುತ್ತೆ. ಅದು ಮೂಳೆಯಷ್ಟೇ ಬೆಳ್ಳಗೆ ಕಾಣುತ್ತೆ, ಗಾಳಿಯೇ ಇಲ್ಲ, ಹಾಗಾಗಿ ನಡುಮಧ್ಯದ ಲೆಕ್ಕ ಅಲ್ಲಿ ನಡೆಯೋದಿಲ್ಲ. ಸ್ಲೈಸ್ ಸ್ಲೈಸ್ ಕೈಯಲ್ಲೇ ಬಣ್ಣ ತುಂಬಬೇಕು. ರಾತ್ರಿ ಓಪಿಡಿ ಮುಗಿಸಿ ಕೂತರೆ ಒಂದು ಕಿವಿಗೆ ಎರಡು ಮೂರು ವಾರ. ಲ್ಯಾಪ್‌ಟಾಪಿಗೆ ರ್‍ಯಾಮ್ ಹಾಕಿಸಿದ್ದು ಇದಕ್ಕೇ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಟ್ರಿಂಕೌಸ್ ಮತ್ತು ಜೊತೆಯವರು 2019ರಲ್ಲಿ 77 ಪುರಾತನ ಮನುಷ್ಯರ ಕಿವಿ ನೋಡಿ, 23 ನಿಯಾಂಡರ್ತಾಲರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಎಕ್ಸೊಸ್ಟೋಸಿಸ್, ಅಂದರೆ ಕಿವಿ ಕಾಲುವೆಯಲ್ಲಿ ಮೂಳೆ ಬೆಳೆಯೋದು, ಇತ್ತು ಅಂದರು. ಇರಾಕಿನಲ್ಲಿ ಸಿಕ್ಕ ಶಾನಿದಾರ್ 1 ಅನ್ನುವ ನಿಯಾಂಡರ್ತಾಲನಿಗಂತೂ ಎರಡೂ ಕಿವಿಯಲ್ಲಿ ಮೂಳೆ ಬೆಳೆದು ಕಾಲುವೆ ಕಟ್ಟಿಕೊಂಡಿತ್ತು. ತಣ್ಣೀರಿನಲ್ಲಿ ವರ್ಷಗಟ್ಟಲೆ ಇಳಿದವರಿಗೆ ಬರೋದು ಅಂತ ನಮಗೆಲ್ಲ ಗೊತ್ತು. ಸರಿ, ನಮ್ಮ ತುಂಗಭದ್ರೆಯವರಿಗೆ ಹೇಗಿದೆ ನೋಡೋಣ ಅಂತ ಭಾನುವಾರ ಹರಿಹರಕ್ಕೆ ಕಿವಿ ನೋಡುವ ಓಟೊಸ್ಕೋಪ್ ಹಿಡಿದು ಹೋಗುತ್ತಿದ್ದೆ. ಮೀನು ಹಿಡಿಯುವವರು, ದಿನಾ ಈಜುವವರು, ಒಂದು ಐವತ್ತು ಅರವತ್ತು ಜನರ ಕಿವಿ ನೋಡಿರಬೇಕು. ಗುಗ್ಗೆ, ಫಂಗಸ್, ಸೋರುವ ಕಿವಿ ಬೇಕಾದಷ್ಟು ಸಿಕ್ಕಿತು, ಎಕ್ಸೊಸ್ಟೋಸಿಸ್ ಅನ್ನುವಂಥದ್ದು ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಹೊಳೆ ನೀರು ಅಷ್ಟು ತಣ್ಣಗಿಲ್ಲ.

ನನಗೆ ಈಗ ಮುಖ್ಯ ಅನ್ನಿಸಿರೋದು ಸೋರುವ ಕಿವಿ. ಚಿಕ್ಕಂದಿನಲ್ಲಿ ಕಿವಿ ಸೋರಿದವರ ಮಾಸ್ಟಾಯ್ಡ್‌ನಲ್ಲಿ ಸೆಲ್ ಕಡಿಮೆ, ಮೂಳೆ ಗಟ್ಟಿ. ನಡುಗಿವಿಯ ಇನ್ನೊಂದು ಪುಟ್ಟ ಮೂಳೆ ಇಂಕಸ್‌ನ ಉದ್ದ ಕಾಲಿಗೆ ರಕ್ತ ಕಡಿಮೆ, ಮೊದಲು ಸವೆಯೋದು ಅದೇ. ಸಾವಿರಾರು ಕಿವಿ ತೆರೆದ ನಮ್ಮಂಥವರ ಕಣ್ಣಿಗೆ ಪಳೆಯುಳಿಕೆಯಲ್ಲೂ ಈ ಗುರುತು ಬೇಗ ಬೀಳುತ್ತೆ ಅನ್ನೋದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ಹೋಲಿಸಲು ರೋಗವಿಲ್ಲದ ಕಿವಿಗಳ ಸಿಟಿ ಬೇಕು. ಚಿತ್ರದುರ್ಗ, ದಾವಣಗೆರೆ ಕಡೆಯ ಗೆಳೆಯರು, ತಲೆಗೆ ಪೆಟ್ಟು ಅಂತ ಸ್ಕ್ಯಾನ್ ಆಗಿ ಕಿವಿ ಸರಿಯಿದ್ದವರ ಚಿತ್ರಗಳನ್ನು ರೋಗಿಯ ಒಪ್ಪಿಗೆ ಪಡೆದು, ಹೆಸರು ತೆಗೆದು ಕೊಟ್ಟರೆ ಮುಂದಿನ ಕೆಲಸ ಶುರು ಮಾಡುತ್ತೇನೆ.