ರೂಮಿನ ಹತ್ತಿರವೇ ಒಂದು ಒಳ್ಳೆಯ ಊಟ: ಮೈಸೂರಿನಲ್ಲಿ ಜಾಗ ಆರಿಸುವುದು ಹೇಗೆ?

ಮೂರು ವರ್ಷದ ಹಿಂದಿನ ದಸರೆಯ ವಾರ. ಅಪ್ಪ ಅಮ್ಮನ ಮದುವೆಗೆ ನಲವತ್ತು ವರ್ಷ ತುಂಬಿತ್ತು. ಅರಸೀಕೆರೆಯಿಂದ ಅವರಿಬ್ಬರು, ದಾವಣಗೆರೆಯಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದರು. ಸರಸ್ವತಿಪುರಂನ ನಮ್ಮ ಚಿಕ್ಕ ಮನೆಯಲ್ಲಿ ಅಷ್ಟು ಜನ ಮಲಗುವುದು ಆಗದ ಮಾತೆಂದು ಹರ್ಷ ರಸ್ತೆಯ ಹತ್ತಿರ ಎರಡು ರೂಮು ಹಿಡಿದಿದ್ದೆವು. ರಾತ್ರಿ ಊಟಕ್ಕೆ ಹೆಸರುವಾಸಿಯಾದ ಒಂದು ರೆಸ್ಟೋರೆಂಟನ್ನು ನಾನೇ ಆರಿಸಿದ್ದೆ. ಫೋನಿನ ನಕ್ಷೆಯಲ್ಲಿ ಒಂದೂವರೆ ಕಿಲೋಮೀಟರ್, ಐದು ನಿಮಿಷದ ದಾರಿ. ದೀಪಾಲಂಕಾರ ನೋಡಲು ಬಂದ ಜನಕ್ಕೆ ಪೊಲೀಸರು ರಸ್ತೆಗೆ ಬ್ಯಾರಿಕೇಡ್ ಹಾಕಿದ್ದರು. ಆಟೊ ಅರ್ಧ ದಾರಿಗೇ ನಿಂತಿತು. ಅಪ್ಪ ಮಂಡಿ ಹಿಡಿದುಕೊಂಡು ಉಳಿದ ದಾರಿ ನಡೆದರು. ಹೋಗಿ ಕೂತರೆ ಆ ವಾರವೆಲ್ಲ ಬಫೆ ಮಾತ್ರವಂತೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲಾಗದೆ ಅಪ್ಪ ನಾಲ್ಕು ತುತ್ತು ಮೊಸರನ್ನ ತಿಂದು ಎದ್ದರು. ವಾಪಸ್ ಬರುವಾಗ ನನ್ನ ಮುಖ ನೋಡಿ, 'ಊಟ ಚೆನ್ನಾಗಿತ್ತು ಕಣಮ್ಮ' ಎಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಡುಗೆಯವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ನಾನು ರೆಸ್ಟೋರೆಂಟನ್ನು ನೋಡಿದ್ದೆ, ಅಲ್ಲಿ ಕೂರುವವರನ್ನು ನೋಡಿರಲಿಲ್ಲ. ಅಂದಿನಿಂದ ಮೈಸೂರಿಗೆ ಯಾವ ನೆಂಟರು ಬಂದು 'ನಮ್ಮ ರೂಮಿನ ಹತ್ತಿರ ಒಂದು ಒಳ್ಳೆ ಊಟದ ಜಾಗ ಹೇಳು' ಎಂದರೂ ನಾನು ಹೆಸರು ಹೇಳುವುದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ.

ಮೊದಲು: ಕಡಿಮೆ ನಡೆಯುವವರು ಯಾರು, ಕಡಿಮೆ ತಿನ್ನುವವರು ಯಾರು?

ಆ ಎರಡು ಪ್ರಶ್ನೆ ಇವೇ. ನಿಮ್ಮ ಗುಂಪಿನಲ್ಲಿ ಮೆಟ್ಟಿಲು ಹತ್ತಲಾಗದವರಿದ್ದರೆ ಲಿಫ್ಟ್ ಇಲ್ಲದ ಟೆರೇಸ್ ರೆಸ್ಟೋರೆಂಟ್ ಎಷ್ಟೇ ಚಂದವಿದ್ದರೂ ಪಟ್ಟಿಯಿಂದ ತೆಗೆಯಿರಿ. ಸಂಜೆ ಏಳೂವರೆಗೇ ಉಣ್ಣುವ ಹಿರಿಯರಿದ್ದರೆ ಎಷ್ಟು ಹೊತ್ತಿಗೆ ತೆರೆಯುತ್ತಾರೆ ಎಂಬುದು ರುಚಿಗಿಂತ ದೊಡ್ಡ ಮಾತು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಶನಿವಾರ ಸೋಮವಾರ ಒಪ್ಪತ್ತು ಮಾಡುವವರು, ಮಾಂಸದಡುಗೆ ಬೇಯುವ ಕಡೆ ನೀರೂ ಕುಡಿಯದವರು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತಾರೆ. ಅವರು ಟೇಬಲ್ಲಿಗೆ ಬಂದ ಮೇಲೆ ಬಾಯಿ ಬಿಡುವುದಿಲ್ಲ, ಸುಮ್ಮನೆ ಕಡಿಮೆ ತಿನ್ನುತ್ತಾರೆ. ಮನೆಯಲ್ಲೇ, ಹೊರಡುವ ಮೊದಲೇ ಅವರನ್ನು ಕೇಳಿ ತಿಳಿದುಕೊಳ್ಳಿ. ದುಬಾರಿ ಊಟಕ್ಕೆ ಹೋಗುವುದಾದರೆ ಅದು ಅವರಿಗೆ ಹಿಡಿಸಬೇಕು. ಮಿಕ್ಕವರು ಹೇಗೋ ಹೊಂದಿಕೊಳ್ಳುತ್ತಾರೆ.

ನಂತರ: ರೂಮು ಯಾವ ಕಡೆ ಇದೆ ನೋಡಿ

ಮೈಸೂರಿನಲ್ಲಿ ಒಂದೊಂದು ಬಡಾವಣೆಗೆ ಊಟದ ಲೆಕ್ಕ ಒಂದೊಂದು ರೀತಿ. ಅರಮನೆ, ಗಾಂಧಿ ಚೌಕ, ಹರ್ಷ ರಸ್ತೆ, ಬೆಂಗಳೂರು–ನೀಲಗಿರಿ ರಸ್ತೆಯ ಸುತ್ತ ಉಳಿದುಕೊಂಡರೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಬೇಕಾದಷ್ಟು ಜಾಗಗಳಿವೆ. ಆದರೆ ಬಹುಪಾಲು ಗದ್ದಲದವು, ಬೇಗ ತಿಂದು ಬೇಗ ಏಳಬೇಕಾದವು. ಎರಡು ಗಂಟೆ ಕೂತು ಮಾತಾಡುತ್ತ ಉಣ್ಣಬೇಕೆಂದರೆ ಅಲ್ಲಿನ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟುಗಳನ್ನೇ ನೋಡಬೇಕು. ಮೆಟ್ರೋಪೋಲ್ ವೃತ್ತ, ಝಾನ್ಸಿ ಲಕ್ಷ್ಮೀಬಾಯಿ ರಸ್ತೆ, ವಿನೋಬಾ ರಸ್ತೆಯ ಕಡೆ ರೂಮು ಸಿಕ್ಕಿದ್ದರೆ ನನ್ನ ಪ್ರಕಾರ ನಿಮ್ಮದು ಅದೃಷ್ಟ. ರೈಲು ನಿಲ್ದಾಣ ಹತ್ತಿರ, ಊಟವಾದ ಮೇಲೆ ನಿಧಾನವಾಗಿ ನಡೆದು ಬರಬಹುದು. ಅಲ್ಲಿಂದ ಹುಣಸೂರು ರಸ್ತೆ ಹಿಡಿದು ಸ್ವಲ್ಪ ಮುಂದೆ ಹೋದರೆ ಚಿತ್ತರಂಜನ್ ಅರಮನೆ. ರಾಜಕುಮಾರಿಯರಿಗೆಂದು ಕಟ್ಟಿಸಿದ್ದು, ಆಮೇಲೆ ಪ್ರೀಮಿಯರ್ ಸ್ಟುಡಿಯೊ ಆಯಿತು, ಈಗ ಗ್ರೀನ್ ಹೋಟೆಲ್. ಅಲ್ಲಿನ ತೋಟ ಸಂಜೆಯ ಹೊತ್ತಿಗೆ ಚಂದ.

ನಜರ್‌ಬಾದ್, ರೇಸ್‌ಕೋರ್ಸ್, ಎಂ.ಜಿ. ರಸ್ತೆಯಿಂದ ಲಲಿತಮಹಲ್ ಕಡೆಗೆ ಸ್ಟಾರ್ ಹೋಟೆಲುಗಳು ಹೆಚ್ಚು. ಆದರೆ ಒಂದರಿಂದ ಇನ್ನೊಂದಕ್ಕೆ ನಡೆಯುವುದು ಕಷ್ಟ, ರಾತ್ರಿ ಆಟೊ ಹುಡುಕಬೇಕಾಗುತ್ತದೆ. ಹೋಗುವ ಆಟೊಕ್ಕಿಂತ ವಾಪಸ್ ಬರುವ ಆಟೊ ಯೋಚಿಸಿ. ನಮ್ಮೂರು ಬೇಗ ಮಲಗುವ ಊರು. ಗೋಕುಲಂ, ವಿ.ವಿ. ಮೊಹಲ್ಲಾ, ಕಾಳಿದಾಸ ರಸ್ತೆಯಲ್ಲಿ ಯೋಗ ಕಲಿಯಲು ಬರುವ ಪರದೇಶದವರಿಗಾಗಿ ಹುಟ್ಟಿಕೊಂಡ ಕೆಫೆಗಳಿವೆ; ಗಂಡ ಹೆಂಡತಿ ಇಬ್ಬರೇ ಹೋಗುವುದಕ್ಕೆ ಒಳ್ಳೆಯವು, ಎಂಟು ಜನಕ್ಕೆ ಇಕ್ಕಟ್ಟು. ಕಂಪನಿ ಕೆಲಸಕ್ಕೆ ಬಂದು ಹೆಬ್ಬಾಳದ ಕಡೆ ಉಳಿದವರು ರೂಮಿರುವಲ್ಲೇ ಉಣ್ಣುವುದು ಲೇಸು.

ಇನ್ನೊಂದು ಮಾತು, ಇದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳರ ಸುಮಾರಿಗೆ ಅರಮನೆಯ ದೀಪ ಹತ್ತುತ್ತದೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ದೀಪ ಆರಿದ ಕೂಡಲೇ ಅಷ್ಟೂ ಜನ ಒಟ್ಟಿಗೆ ಊಟಕ್ಕೆ ಏಳುತ್ತಾರೆ, ಸಯ್ಯಾಜಿರಾವ್ ರಸ್ತೆ ಸುತ್ತಮುತ್ತ ಟೇಬಲ್ ಸಿಗುವುದಿಲ್ಲ. ಆ ದಿನ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ವಿಜಯದಶಮಿಯಂದು ಜಂಬೂಸವಾರಿ ಬನ್ನಿಮಂಟಪದ ಕಡೆ ಹೋಗುವ ರಸ್ತೆಯಲ್ಲಂತೂ ಸಂಜೆ ಊಟದ ಯೋಚನೆಯೇ ಬೇಡ.

ರೂಮಿನ ಜೊತೆ ಊಟ ಬಂದಿದೆಯೇ?

ಬುಕಿಂಗ್ ಕಾಗದ ತೆಗೆದು ನೋಡಿ. ಇಪಿ ಎಂದಿದ್ದರೆ ಬರೀ ರೂಮು. ಸಿಪಿ ಎಂದರೆ ಬೆಳಗಿನ ತಿಂಡಿ ಸೇರಿದೆ. ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಊಟ, ಎಪಿ ಎಂದರೆ ಮೂರು ಹೊತ್ತೂ. ರಾತ್ರಿಯ ಊಟಕ್ಕೆ ಮೊದಲೇ ದುಡ್ಡು ಕೊಟ್ಟಿದ್ದು ಮರೆತು ಹೊರಗೆ ಇನ್ನೊಮ್ಮೆ ಕೊಟ್ಟು ಬಂದವರನ್ನು ನಾನು ಬಲ್ಲೆ.

ಫೋನಿನ ನಕ್ಷತ್ರ ನಂಬುವ ಮೊದಲು

ನಾಲ್ಕೂವರೆ ನಕ್ಷತ್ರ ಎಂದರೆ ಏನೂ ಹೇಳಿದಂತಾಗಲಿಲ್ಲ. ಹೊಸ ಅಭಿಪ್ರಾಯ ಮೇಲೆ ಬರುವ ಹಾಗೆ ಮಾಡಿಕೊಂಡು ಕಳೆದ ಎರಡು ಮೂರು ತಿಂಗಳದ್ದನ್ನು ಮಾತ್ರ ಓದಿ. ಅಡುಗೆಯವರು ಬದಲಾದರೆ ರುಚಿ ಬದಲಾಗುತ್ತದೆ. 'ಸೂಪರ್' ಎಂದು ಒಂದೇ ಮಾತು ಬರೆದ ಐದು ನಕ್ಷತ್ರದವರನ್ನೂ, ಸಿಟ್ಟಿನಲ್ಲಿ ಒಂದು ನಕ್ಷತ್ರ ಕೊಟ್ಟವರನ್ನೂ ಬಿಡಿ. ಮೂರು ನಕ್ಷತ್ರ ಕೊಟ್ಟವರು ಸಾಮಾನ್ಯವಾಗಿ ವಿವರ ಬರೆದಿರುತ್ತಾರೆ: 'ಸೂಪು ಚೆನ್ನಾಗಿತ್ತು, ರೊಟ್ಟಿ ಬರಲು ನಲವತ್ತು ನಿಮಿಷ ಆಯಿತು', 'ಕಾರು ನಿಲ್ಲಿಸಲು ಜಾಗವಿಲ್ಲ'. ನಿಮಗೆ ಬೇಕಾದದ್ದು ಅದು. ಮೆನು ಕಾರ್ಡಿನ ಫೋಟೊ ಸಿಕ್ಕರೆ ಅದನ್ನು ಯಾವಾಗ ಹಾಕಿದ್ದಾರೆ ನೋಡಿ, ಹಳೆಯದಾದರೆ ಬೆಲೆ ನಂಬಬೇಡಿ.

ಹಗಲಲ್ಲಿ ಒಮ್ಮೆ ಬಾಗಿಲವರೆಗೆ ಹೋಗಿ ಬನ್ನಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ದೇವರಾಜ ಮಾರುಕಟ್ಟೆಗೋ ಅರಮನೆಗೋ ಹೋಗುವ ದಾರಿಯಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ರಾತ್ರಿ ಉಣ್ಣಬೇಕೆಂದಿರುವ ಜಾಗಕ್ಕೆ ಹೋಗಿ 'ಮೆನು ನೋಡಬಹುದಾ?' ಎಂದು ಕೇಳಿ. ಆ ಹೊತ್ತಿನಲ್ಲಿ ಜನ ಇರುವುದಿಲ್ಲ, ಮ್ಯಾನೇಜರ್‌ಗೆ ಬಿಡುವಿರುತ್ತದೆ. ಬಾಗಿಲಲ್ಲಿ ಎಷ್ಟು ಮೆಟ್ಟಿಲಿವೆ, ಕುರ್ಚಿಗೆ ಬೆನ್ನು ಕೈ ಇದೆಯೇ ಅಥವಾ ಕಾಲು ತೂಗಾಡುವ ಎತ್ತರದ ಸ್ಟೂಲೇ, ಬಚ್ಚಲು ಒಂದೇ ಮಹಡಿಯಲ್ಲಿದೆಯೇ, ಎಲ್ಲ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬಚ್ಚಲು ಹೇಗಿದೆಯೋ ಅಡುಗೆಮನೆಯೂ ಹಾಗೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನಾನು ಈಗಲೂ ಮೊದಲು ಅದನ್ನೇ ನೋಡುತ್ತೇನೆ.

ಬೆಳಕನ್ನೂ ಗಮನಿಸಿ. ಹಿಂದೊಮ್ಮೆ ಬೇರೊಂದು ಕಡೆ ಮೇಣದಬತ್ತಿಯ ಮಬ್ಬಿನಲ್ಲಿ ಅಪ್ಪ ಮೆನು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಮಡಿಸಿಟ್ಟು 'ನೀವೇ ಏನಾದ್ರೂ ಹೇಳಿ' ಎಂದಿದ್ದು ನೆನಪಿದೆ. ಓದಲಾಗದ ಮೇಲೆ ಅವರು ತಮಗೆ ಬೇಕಾದದ್ದನ್ನು ಕೇಳುವುದಾದರೂ ಹೇಗೆ? ಹಗಲಲ್ಲೇ ಮೆನುವಿನ ಫೋಟೊ ತೆಗೆದುಕೊಂಡು ಬಂದರೆ ಎಲ್ಲರೂ ರೂಮಿನಲ್ಲಿ ಕೂತು ನೋಡಬಹುದು.

ಹಳೆಯ ಕಟ್ಟಡಗಳಿಗಂತೂ ಹಗಲೇ ಸರಿ. ನಾಲ್ವಡಿ ಕೃಷ್ಣರಾಜ ಒಡೆಯರ್ ವೈಸ್‌ರಾಯ್ ತಂಗಲೆಂದು 1921ರಲ್ಲಿ ಅಡಿಗಲ್ಲು ಹಾಕಿಸಿದ ಲಲಿತಮಹಲ್‌ನಲ್ಲಿ ಊಟದ ಕೋಣೆ ಎಂದರೆ ಹಿಂದಿನ ನೃತ್ಯದ ಹಜಾರ. ಅದರ ಚಾವಣಿಯ ಬಣ್ಣದ ಗಾಜು ಬೆಳಗುವುದು ಸೂರ್ಯನಿಂದ. ಇಂಥ ಕಡೆ ಕೊಡುವ ದುಡ್ಡಿನಲ್ಲಿ ಅರ್ಧ ಕಟ್ಟಡಕ್ಕೆ ಹೋಗುತ್ತದೆ, ಅದು ಸರಿಯೇ, ಆದರೆ ಕಟ್ಟಡ ಕಾಣುವ ಹೊತ್ತಿಗೆ ಹೋಗಿ. ಹಳೆಯ ಅರಮನೆಗಳಲ್ಲಿ ಆಗಾಗ ದುರಸ್ತಿ ನಡೆಯುವುದುಂಟು, ಫೋನ್ ಮಾಡದೆ ಹೊರಡಬೇಡಿ.

ಫೋನ್ ಮಾಡಿ, ಹೀಗೆ ಕೇಳಿ

'ಟೇಬಲ್ ಇದೆಯಾ' ಎಂದು ಕೇಳಿ ಇಟ್ಟುಬಿಡಬೇಡಿ. ನಾನು ಕೇಳುವುದು ಹೀಗೆ: 'ಸಾರ್, ಇವತ್ತು ಏಳೂವರೆಗೆ ಎಂಟು ಜನಕ್ಕೆ ಟೇಬಲ್ ಬೇಕಿತ್ತು. ಇಬ್ಬರು ವಯಸ್ಸಾದೋರಿದಾರೆ, ಬಾಗಿಲ ಹತ್ರ ಸಿಗುತ್ತಾ? ಇವತ್ತು ಬಫೆ ಮಾತ್ರನಾ, ಮೆನು ನೋಡಿ ಹೇಳ್ಬಹುದಾ? ವೆಜ್ಜಿಗೆ ಅಡುಗೆಮನೆ ಬೇರೆ ಇದೆಯಾ? ಲಾಸ್ಟ್ ಆರ್ಡರ್ ಎಷ್ಟು ಗಂಟೆಗೆ? ಸರ್ವಿಸ್ ಚಾರ್ಜ್ ಹಾಕ್ತೀರಾ?' ಒಂದೇ ನಿಮಿಷ. ಯಾರು ಬೇಸರವಿಲ್ಲದೆ ಉತ್ತರ ಕೊಡುತ್ತಾರೋ ಅಲ್ಲಿ ಊಟವೂ ಸಮಾಧಾನವಾಗಿ ಆಗುತ್ತದೆ ಎಂಬುದು ನನ್ನ ಅನುಭವ. ಫೋನ್ ತೆಗೆದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಸೀಮೆಯ ಊಟ ಬೇಕಿದ್ದರೆ ಆಗಲೇ ಹೇಳಿ. ರಾಗಿಮುದ್ದೆ, ಬಸ್ಸಾರು, ಬನ್ನೂರು ಕುರಿಯ ಸಾರು ಮೆನುವಿನಲ್ಲಿ ಇರದಿದ್ದರೂ ಬೆಳಿಗ್ಗೆಯೇ ತಿಳಿಸಿದರೆ ಮಾಡಿಕೊಡುವ ಅಡುಗೆಯವರಿದ್ದಾರೆ. ಮಸಾಲೆ ದೋಸೆಗೆ ಮಾತ್ರ ಸ್ಟಾರ್ ಹೋಟೆಲ್ ಬೇಡ, ನಜರ್‌ಬಾದ್‌ನ ಮೈಲಾರಿಗೆ ಬೆಳಿಗ್ಗೆ ಹೋಗಿ. ಮೈಸೂರು ಪಾಕಿಗೂ ಹಾಗೆಯೇ, ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಗುರು ಸ್ವೀಟ್ಸ್ ಸಯ್ಯಾಜಿರಾವ್ ರಸ್ತೆಯಲ್ಲೇ ಇದೆ.

ಬಿಲ್ಲು ಬಂದಾಗ

ಒಂದೇ ಊಟಕ್ಕೆ ಎರಡು ಕಡೆ ಎರಡು ತೆರಿಗೆ ಏಕೆ ಎಂದು ಬಹಳ ಜನ ಕೇಳುತ್ತಾರೆ. ರೂಮು ಕೊಡದೆ ಬರೀ ಊಟ ಕೊಡುವ ರೆಸ್ಟೋರೆಂಟಿಗೆ ಜಿಎಸ್‌ಟಿ 5%. ರೂಮು ಕೊಡುವ ಹೋಟೆಲಿನೊಳಗಿನ ರೆಸ್ಟೋರೆಂಟಾದರೆ, ಆ ಹೋಟೆಲು ಹಿಂದಿನ ಹಣಕಾಸು ವರ್ಷದಲ್ಲಿ ಯಾವುದೇ ರೂಮನ್ನು ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿಗೆ ಕೊಟ್ಟಿದ್ದರೆ, ಊಟಕ್ಕೆ 18%. ಈ ಲೆಕ್ಕ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೀವು ಅಲ್ಲಿ ಉಳಿಯದೆ ಬರೀ ಊಟಕ್ಕೆ ಹೋಗಿದ್ದರೂ ಅಷ್ಟೇ.

ಸರ್ವಿಸ್ ಚಾರ್ಜ್ ಬೇರೆ. ಅದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾಲ್ಕು ಸಾವಿರ ರೂಪಾಯಿಯ ಊಟಕ್ಕೆ 10% ಸರ್ವಿಸ್ ಚಾರ್ಜ್, ಅದರ ಮೇಲೆ 18% ತೆರಿಗೆ ಹಾಕಿದರೆ 5,192 ಆಗುತ್ತದೆ. ಸರ್ವಿಸ್ ಚಾರ್ಜ್ ಇಲ್ಲದೆ 5% ಮಾತ್ರ ಇರುವಲ್ಲಿ ಅದೇ ಊಟ 4,200. ಸರ್ವಿಸ್ ಚಾರ್ಜ್ ಹಾಕಿದ್ದರೆ ಜಗಳವಿಲ್ಲದೆ 'ಇದನ್ನ ತೆಗೆದು ಬೇರೆ ಬಿಲ್ ಕೊಡಿ' ಎನ್ನಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದ ಹುಡುಗನಿಗೆ ಮನಸ್ಸಿಗೆ ಬಂದಷ್ಟು ಕೈಗೇ ಕೊಡಿ, ಅದು ಅವನಿಗೇ ತಲುಪಲಿ.

ನೀರಿನ ಬಾಟಲಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಹಾಕಿದರೆ ಮಾತ್ರ ವಾದ ಬೇಡ. ಕೂರಿಸಿ ಬಡಿಸುವ ಹೋಟೆಲು ಹಾಗೆ ಹಾಕಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೂರುವಾಗಲೇ 'ಮಾಮೂಲಿ ಕುಡಿಯೋ ನೀರು ಕೊಡಿ' ಎನ್ನಿ. ಬಿಲ್ಲಿನ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಲೇಬೇಕು. ಊಟದಿಂದ ಹೊಟ್ಟೆ ಕೆಟ್ಟರೆ ದೂರು ಕೊಡಲು ಬೇಕಾಗುವುದು ಅದೇ, ಬಿಲ್ಲನ್ನು ಎಸೆಯಬೇಡಿ.

ಹೋದ ವರ್ಷ ಅಪ್ಪ ಅಮ್ಮ ಮತ್ತೆ ಬಂದಿದ್ದರು. ಈ ಸಲ ಮಧ್ಯಾಹ್ನ ಒಂದು ಗಂಟೆಗೆ, ರೂಮಿನಿಂದ ಮೂರು ಕಟ್ಟಡ ಆಚೆ, ನೆಲಮಹಡಿಯ ಒಂದು ರೆಸ್ಟೋರೆಂಟು. ಕಿಟಕಿ ಪಕ್ಕದ ಟೇಬಲ್ಲಿನ ಮೇಲೆ ನಮ್ಮ ಹೆಸರಿನ ಚೀಟಿ ಇಟ್ಟಿದ್ದರು. ಬೆಳಿಗ್ಗೆ ಹೇಳಿಟ್ಟಿದ್ದ ಮುದ್ದೆ, ಅವರೆಕಾಳಿನ ಬಸ್ಸಾರು ಹಬೆಯಾಡುತ್ತ ಬಂತು. ಅಪ್ಪ ಮಾತಿಲ್ಲದೆ ಮುದ್ದೆ ಮುರಿದು, ನಡುವೆ ಗುಳಿ ಮಾಡಿ ತುಪ್ಪ ಹಾಕಿಸಿಕೊಂಡು, ಪೂರ್ತಿ ಮುಗಿಸಿ, ತಟ್ಟೆ ಬಳಿದು ನನ್ನ ಕಡೆ ಬಗ್ಗಿದರು. 'ಇನ್ನೊಂದರ್ಧ ಸಿಗುತ್ತಾ ಕೇಳಮ್ಮ.'